ಅಪ್ಪ ಸಾಕಿದ ಕೇರೆ ಹಾವು

ಆ ಹಾವು ನಮ್ಮ ಮನೆಗೆ ಬಂದದ್ದು ಅಪ್ಪನ ಹಳೆಯ ಟವೆಲ್ಲಿನಲ್ಲಿ. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಗೋಕಾಕ ಫಾಲ್ಸ್‌ನಲ್ಲಿ ನೀರು ತುಂಬಿ ಬೀಳುವ ದಿನಗಳಲ್ಲಿ ಬಟ್ಟೆ ಗಿರಣಿಯವರ ಮನೆಗಳ ಕಿಟಕಿ ಗಾಜು ಸಣ್ಣಗೆ ನಡುಗುತ್ತಲೇ ಇರುತ್ತದೆ. ಹಗ್ಗದ ಮೇಲಿನ ಬಟ್ಟೆ ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೆ ಆ ನೀರಿನ ಸದ್ದು ಸದ್ದೇ ಅಲ್ಲ. ಬೇಸಿಗೆಯಲ್ಲಿ ಅದು ನಿಂತಾಗಲೇ ಏನೋ ಕಳೆದುಹೋದಂತೆ ಎಲ್ಲರೂ ಒಮ್ಮೆ ತಲೆ ಎತ್ತಿ ನೋಡುತ್ತೇವೆ.

ಅಂದು ನನಗೆ ರಜೆ. ಅಪ್ಪ ಒಳಗೆ ಬಂದು ಟವೆಲ್ಲನ್ನು ಕೂಸಿನಂತೆ ಎದೆಗೆ ಹಿಡಿದುಕೊಂಡು ನಿಂತ. ಹಿತ್ತಲ ಆಚೆ ಗಟಾರು ಅಗೆಯುವವರ ಗುದ್ದಲಿ ಹಾವಿನ ಬೆನ್ನಿಗೆ ಬಿದ್ದಿತ್ತಂತೆ. ಇನ್ನೊಂದು ಏಟು ಹಾಕುವವರಿದ್ದರು, ಅಪ್ಪ ನಡುವೆ ಹೋಗಿ ಎತ್ತಿಕೊಂಡು ಬಂದಿದ್ದ.

"ಕ್ಯಾರಿ ಹಾವು ಐತಿ, ವಿಷ ಇಲ್ಲ," ಎಂದ. "ಯವ್ವಾ, ನೀ ನರ್ಸ ಅಲ್ಲೇನ? ನೋಡು."

ನಾನು ಮೂಡಲಗಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಅದೇ ವರ್ಷ ಗಂಡನ ಮನೆ ಬಿಟ್ಟು, ಇನ್ನು ಹೋಗುವುದಿಲ್ಲವೆಂದು ಹೇಳಿ, ಅಪ್ಪ ಅವ್ವನ ಜೊತೆ ಇರಲು ಬಂದಿದ್ದೆ. ಅವರಿಬ್ಬರೂ ಯಾಕೆ ಎಂದು ಕೇಳಿರಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯದೇ ಆಗಿತ್ತು. ಆದರೆ ಕೇಳದ ಆ ಮಾತು ಮನೆಯಲ್ಲಿ ನಮ್ಮ ಜೊತೆಗೇ ಕೂತು ಉಣ್ಣುತ್ತಿತ್ತು. ಅಪ್ಪನಿಗೆ ಕಿವಿ ಬಹುತೇಕ ಕೇಳುತ್ತಿರಲಿಲ್ಲ. ವಯಸ್ಸಿನಿಂದಲೋ, ಹರೆಯವನ್ನೆಲ್ಲ ಮಗ್ಗಗಳ ನಡುವೆ ಕಳೆದದ್ದರಿಂದಲೋ ಗೊತ್ತಿಲ್ಲ. ಗಿರಣಿಯ ಮಗ್ಗದ ವಿಭಾಗದಲ್ಲಿ ಕೂಗಿದರೂ ಕೇಳದು, ಹಾಗಾಗಿ ಅಲ್ಲಿಯವರು ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡಿಕೊಳ್ಳುತ್ತಿದ್ದರು. ಅಪ್ಪ ಆ ಭಾಷೆಯನ್ನು ಮನೆಗೂ ತಂದಿದ್ದ. ಹೀಗಾಗಿ ನಾವು ಮೂವರೂ ಮಾತಿಲ್ಲದೆ ದಿನ ಕಳೆಯುವುದನ್ನು ಚೆನ್ನಾಗಿ ಕಲಿತಿದ್ದೆವು.

ಟವೆಲ್ ಬಿಚ್ಚಿದಾಗ ಹಾವು ಅಪ್ಪನ ಹೆಬ್ಬೆರಳು ಕಚ್ಚಿತು. ರಕ್ತ ಸಣ್ಣಗೆ ಜಿನುಗಿತು. ಅಪ್ಪ ನಕ್ಕ.

"ಕಚ್ಚಲಿ ಬಿಡು. ಹೆದರೈತಿ ಪಾಪ."

ಹಾವಿನ ಬೆನ್ನ ಮೇಲಿನ ಗಾಯ ಆಳವಿರಲಿಲ್ಲ. ತೊಳೆದು ಔಷಧ ಹಚ್ಚಿದೆ. ಆಸ್ಪತ್ರೆಯಲ್ಲಿ ಎಷ್ಟೋ ಗಾಯ ತೊಳೆದಿದ್ದೇನೆ, ಆದರೆ ಬೆರಳ ಕೆಳಗೆ ಹಾಗೆ ತಣ್ಣಗೆ, ಒಣಗಿದ ರೇಷ್ಮೆಯಂತೆ, ಎಲ್ಲ ಕಡೆಯಿಂದಲೂ ಒಟ್ಟಿಗೆ ಚಲಿಸುವ ಮೈಯನ್ನು ಮುಟ್ಟಿರಲಿಲ್ಲ. ಎಲ್ಲಿ ಹಿಡಿದರೂ ಅದು ಆಗಲೇ ಅಲ್ಲಿಂದ ಹೊರಟಿರುತ್ತಿತ್ತು. ಆಮೇಲೆ ಅವ್ವ ಕೊಟ್ಟ ಸಾಬೂನಿನಿಂದ ಕೈ ತೊಳೆದುಕೊಂಡರೂ ಆ ತಣ್ಣನೆಯ ನೆನಪು ಬೆರಳಲ್ಲೇ ಉಳಿಯಿತು.

ಅಪ್ಪ ಗುಜರಿಯಿಂದ ಒಂದು ದೊಡ್ಡ ಮರದ ಪೆಟ್ಟಿಗೆ ತಂದ. ಎದುರಿಗೆ ತಂತಿಯ ಜಾಳಿಗೆ ಹೊಡೆದ. ಒಳಗೆ ಒಣ ಎಲೆ, ಒಂದು ಹೆಂಚು, ನೀರಿನ ಬೋಗುಣಿ. ನಡುಮನೆಯ ಮೂಲೆಯಲ್ಲಿ, ಅವ್ವ ಪೂಜೆಗೆ ಕೂರುವ ಜಾಗದಿಂದ ಸ್ವಲ್ಪ ದೂರದಲ್ಲಿ ಅದು ನೆಲೆಯಾಯಿತು.

"ಗಾಯ ಆರೂತನಾ ಅಷ್ಟ," ಎಂದ ಅಪ್ಪ.

"ಆರಿದ ಮ್ಯಾಲ?" ಎಂದಳು ಅವ್ವ, ಅವನ ಮುಖದ ಎದುರಿಗೇ ಬಂದು, ತುಟಿ ಬಿಡಿಸಿ.

ಅಪ್ಪ ಕಾಣದವನಂತೆ ಹೆಂಚು ಸರಿಮಾಡಿದ.

ತೊಡಕು ಶುರುವಾದದ್ದು ಊಟದಿಂದ. ನಮ್ಮದು ಕೊರಳಲ್ಲಿ ಲಿಂಗ ಇರುವವರ ಮನೆ. ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ಅಪ್ಪ ಮೊದಲು ಹಾಲಿಟ್ಟ. ಹಾವು ಆ ಬಟ್ಟಲನ್ನು ಸುತ್ತಿ ಹೋಗಿ ಬೋಗುಣಿಯ ನೀರು ಕುಡಿಯಿತು. ಹಾಲು ಹುಳಿಯಾಯಿತು. ಹಾವು ಹಾಲು ಕುಡಿಯುವುದಿಲ್ಲ, ಕಪ್ಪೆ ಬೇಕು, ಇಲಿ ಬೇಕು ಎಂದು ನಾನು ಹೇಳಿದೆ. ಅಪ್ಪ ಹಿತ್ತಲಿಗೆ ಹೋಗಿ ಒಂದು ಕಪ್ಪೆ ಹಿಡಿದ. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಮತ್ತೆ ಹುಲ್ಲಿನಲ್ಲಿ ಬಿಟ್ಟು ಬಂದ.

"ನನ್ನ ಕೈಲೆ ಆಗೂದಿಲ್ಲ," ಎಂದ.

ಹಾವು ದಿನದಿನಕ್ಕೆ ಸಡಿಲಾಯಿತು. ಮೈಯ ಹೊಳಪು ಹೋಗಿ ಹಳೆಯ ಚೀಲದ ಬಣ್ಣ ಬಂತು. ಅಪ್ಪನೂ ಸರಿಯಾಗಿ ಉಣ್ಣುವುದನ್ನು ಬಿಟ್ಟ. ಒಂದು ಸಂಜೆ ನಾನು ಮೂಡಲಗಿಯಿಂದ ಬಂದಾಗ ಅವ್ವ ಜಾಳಿಗೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಏನೋ ಜಪಿಸುತ್ತ ಕೂತಿದ್ದಳು. ಪಕ್ಕದಲ್ಲಿ ಇಲಿಯ ಬೋನು, ಬಾಗಿಲು ತೆರೆದು, ಖಾಲಿ. ಮೊದಲೆಲ್ಲ ಬೋನಿಗೆ ಬಿದ್ದ ಇಲಿಯನ್ನು ದೂರದ ಕಲ್ಲುಬಂಡೆಗಳ ಹತ್ತಿರ ಬಿಟ್ಟು ಬರುವುದು ಅವ್ವನ ರೂಢಿ.

ಪೆಟ್ಟಿಗೆಯೊಳಗೆ ಹಾವಿನ ಕುತ್ತಿಗೆಯ ಕೆಳಗೆ ಒಂದು ಉಬ್ಬು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿತ್ತು.

"ಅವ್ವಾ," ಎಂದೆ.

"ಸುಮ್ನಿರು. ಮನಿಗೆ ಬಂದದ್ದು ಉಪಾಸ ಸಾಯಬಾರದು," ಎಂದಳು, ಕಣ್ಣು ತೆರೆಯದೆ. "ನಿಮ್ಮಪ್ಪಗ ಹೇಳಬ್ಯಾಡ."

ಅಪ್ಪನಿಗೆ ಗೊತ್ತಿತ್ತು ಎಂದೇ ನನ್ನ ಎಣಿಕೆ. ಹಾವು ಚೇತರಿಸಿಕೊಂಡದ್ದು ಹೇಗೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಅವ್ವ ಆ ದಿನಗಳಲ್ಲಿ ಎರಡೆರಡು ಸಲ ಮೈ ತೊಳೆದುಕೊಂಡು ಪೂಜೆಗೆ ಕೂರುತ್ತಿದ್ದಳು.

ಮುಂದೆ ಬಂದ ದಿನಗಳನ್ನು ನೆನೆದರೆ ಅವು ನಡೆದವೋ, ಮಧ್ಯಾಹ್ನದ ಜೊಂಪಿನಲ್ಲಿ ಕಂಡವೋ ಎಂದು ಈಗಲೂ ಅನುಮಾನವಾಗುತ್ತದೆ. ಒಂದು ದಿನ ಹಾವಿನ ಕಣ್ಣು ಮಬ್ಬಾಗಿ, ಹಾಲು ಕಲಸಿದ ನೀಲಿಯಾಯಿತು. ಕೆಲವು ದಿನ ಅದು ಹೆಂಚಿನ ಕೆಳಗಿಂದ ಹೊರಗೇ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಪೆಟ್ಟಿಗೆಯಲ್ಲಿ ಎರಡು ಹಾವು ಕಂಡವು. ಒಂದು ಹೊಸದು, ಅರಿಶಿಣ ಬೆರೆತ ಕಂದು ಬಣ್ಣದ್ದು, ಆಗಷ್ಟೇ ಎಣ್ಣೆ ಹಚ್ಚಿದಂತೆ ಹೊಳೆಯುವುದು. ಇನ್ನೊಂದು ಬರೀ ಪೊರೆ. ಅಪ್ಪ ಪೊರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಗ್ಗದಿಂದ ಬಂದ ಬಟ್ಟೆಯಲ್ಲಿ ಎಳೆ ತಪ್ಪಿದೆಯೇ ಎಂದು ನೋಡುವ ಹಾಗೆ, ಉದ್ದಕ್ಕೂ ನೋಡಿದ. ಗುದ್ದಲಿ ಬಿದ್ದ ಜಾಗದಲ್ಲಿ ಹುರುಪೆಗಳು ಸ್ವಲ್ಪ ಸೊಟ್ಟ ಇದ್ದವು, ಅಷ್ಟೇ.

"ಇಷ್ಟ ಬಾರೀಕ ನೇಯ್ಗಿ ಯಾವ ಮಗ್ಗದಾಗೂ ಬರೂದಿಲ್ಲ," ಎಂದ.

ಭಾನುವಾರ ಮಧ್ಯಾಹ್ನ ಬಾಗಿಲು, ಮೋರಿ ಎಲ್ಲ ಮುಚ್ಚಿ ಅಪ್ಪ ಅದನ್ನು ನಡುಮನೆಯಲ್ಲಿ ಬಿಡುತ್ತಿದ್ದ. ನಾನು ಚಾಪೆಯ ಮೇಲೆ ಮಲಗಿರುತ್ತಿದ್ದೆ. ಹೊರಗೆ ಫಾಲ್ಸಿನ ಸದ್ದು, ಒಳಗೆ ಅರೆಗತ್ತಲು, ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಕೋಲು. ಹಾವು ಗೋಡೆಯ ಬುಡ ಹಿಡಿದು ಹೋಗುತ್ತ ಆ ಬಿಸಿಲು ದಾಟುವಾಗ ಒಂದಷ್ಟು ಉದ್ದ ಮಾತ್ರ ಹೊಳೆದು, ಮುಂದಿನದು ಕತ್ತಲಾಗಿ, ಹಿಂದಿನದು ಹೊಳೆದು, ಕೊನೆಗೆ ಬಾಲದ ತುದಿಯೂ ದಾಟುತ್ತಿತ್ತು. ಒಮ್ಮೆ ಅದು ನನ್ನ ಪಾದದ ಮೇಲೆ ಹಾದುಹೋಯಿತು. ನಾನು ಎಳೆದುಕೊಳ್ಳಲಿಲ್ಲ. ಯಾರೋ ನನ್ನ ಮೇಲೆ ತಣ್ಣನೆಯ ನೀರನ್ನು ಬಹಳ ಎಚ್ಚರದಿಂದ ಸುರಿಯುತ್ತಿದ್ದಾರೆ ಅನ್ನಿಸಿತು. ಗಂಡನ ಮನೆ ಬಿಟ್ಟು ಬಂದಮೇಲೆ ನನ್ನ ಮೈಗೆ ಬೇರೊಂದು ಜೀವ ತಾನಾಗಿ ಬಂದು ತಾಗಿದ್ದು ಅದೇ ಮೊದಲು. ಅದು ನನ್ನಿಂದ ಏನನ್ನೂ ಬೇಡಲಿಲ್ಲ. ಎದ್ದಾಗ ಕಣ್ಣಂಚು ಒದ್ದೆಯಾಗಿತ್ತು.

ಮನೆಯಲ್ಲಿ ಮಾತು ಮರಳಿತು. ಏನು ಮಾಡುತ್ತಿದೆ, ಎಲ್ಲಿ ಮಲಗಿದೆ, ನೀರು ಬದಲಾಯಿಸಿದಿರಾ, ಹೀಗೇ. ಅಪ್ಪ ಬೆಳಿಗ್ಗೆ ಚಹಾದ ಬಟ್ಟಲು ಹಿಡಿದು ಪೆಟ್ಟಿಗೆಯ ಎದುರು ಕೂರುತ್ತಿದ್ದ. ಅವನು ಕೂತರೆ ಸಾಕು, ಹಾವು ತಲೆ ಎತ್ತಿ ಜಾಳಿಗೆಯ ಹತ್ತಿರ ಬಂದು, ಮೂತಿ ತಾಗಿಸಿ, ಆ ತುದಿಯಿಂದ ಈ ತುದಿಗೆ ಸರಿದಾಡುತ್ತಿತ್ತು.

"ನೋಡು, ನೋಡು. ನನ್ನ ಗುರ್ತು ಹಿಡೀತೈತಿ," ಎನ್ನುತ್ತಿದ್ದ ಅಪ್ಪ. ಕಿವುಡರ ಹಾಗೆ ಜೋರಾಗಿ, ಓಣಿಗೆಲ್ಲ ಕೇಳುವಂತೆ, ಅದರ ಜೊತೆ ಮಾತಾಡುತ್ತಿದ್ದ. ರಾತ್ರಿ ಮಳೆ ಬಂದದ್ದು, ಮೊಣಕಾಲು ನೋವು, ಹಳೆಯ ಗೆಳೆಯರು. ನಮಗೆ ಹೇಳಿರದ ಸಂಗತಿಗಳೂ ಅದರಲ್ಲಿ ಇದ್ದವು. ಮಗಳು ಮರಳಿ ಬಂದದ್ದು ತನಗೆ ಒಳಗೊಳಗೆ ಸಂತೋಷವೇ ಆಗಿದೆ, ಹೇಳಿದರೆ ತಪ್ಪು ತಿಳಿದಾಳು ಎಂದು ಸುಮ್ಮನಿದ್ದೇನೆ ಎಂದು ಅವನು ಹಾವಿಗೆ ಹೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಮತ್ತೆ ಬಡಿಯತೊಡಗಿದಳು.

ಕಬ್ಬು ಕಡಿಯುವ ದಿನಗಳು ಬಂದವು. ಬಸ್ಸಿನ ಎರಡೂ ಕಡೆ ಕಬ್ಬಿನ ತುರಾಯಿಗಳು ಮಂಜಿನಲ್ಲಿ ತೇಲಿದಂತೆ ಕಾಣುತ್ತಿದ್ದವು. ಆ ದಿನಗಳಲ್ಲಿ ಹಾವು ಕಚ್ಚಿದವರು ಆಸ್ಪತ್ರೆಗೆ ಬರುವುದು ಹೆಚ್ಚು. ಮೇಳವಂಕಿಯ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ಒಬ್ಬ ಹೆಂಗಸನ್ನು ಕರೆತಂದರು. ಕೊಳಕಮಂಡಲ ಕಚ್ಚಿತ್ತು. ಕಾಲು ಮೊಣಕಾಲಿನವರೆಗೆ ಬಾತು ಕಪ್ಪಾಗಿತ್ತು. ಡಾಕ್ಟರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ನಾನು ಅವಳ ಒಸಡಿನಿಂದ ಬರುವ ರಕ್ತ ಒರೆಸುತ್ತ, ಆ ಭಾನುವಾರ ನನ್ನ ಪಾದದ ಮೇಲೆ ಹರಿದ ತಂಪನ್ನು ನೆನೆಯುತ್ತ, ಎರಡೂ ಒಂದೇ ಲೋಕದವೆಂದು ನಂಬಲಾರದೆ ನಿಂತಿದ್ದೆ.

ಅವಳು ಬದುಕಿದಳು. ಎದ್ದು ಕೂತು ಗಂಜಿ ಕುಡಿಯುವಂತಾದ ಮೇಲೆ ಒಂದು ಮಧ್ಯಾಹ್ನ, ಯಾರಿಗೂ ಹೇಳದ ಸಂಗತಿಯನ್ನು ಅವಳಿಗೆ ಹೇಳಿದೆ. "ನಮ್ಮ ಮನ್ಯಾಗ ಒಂದು ಕ್ಯಾರಿ ಹಾವು ಸಾಕೇವಿ."

ಅವಳು ಗಂಜಿಯ ಲೋಟ ಕೆಳಗಿಟ್ಟಳು. "ಅಯ್ಯ, ಸಿಸ್ಟರ! ನನಗ ಈಗ ಹಗ್ಗ ಕಂಡ್ರೂ ಎದಿ ಹೊಡ್ಕೊಂತೈತಿ. ನೀವು ಸಾಕೀರಿ?" ಎಂದು ನಕ್ಕಳು. ಆಮೇಲೆ ಕುತೂಹಲ ಹುಟ್ಟಿತು. "ಕರದ್ರ ಬರ್ತೈತೇನ್ರಿ?"

"ಇಲ್ಲ."

"ನಿಮ್ಮಪ್ಪಾರು ಎಲ್ಲೆರ ಊರಿಗೆ ಹೋದ್ರ ಹಾದಿ ಕಾಯ್ತೈತೇನ್ರಿ?"

"ಗೊತ್ತಿಲ್ಲ."

"ಹಂಗಾರ ಅದು ನಿಮ್ಮ ಮನ್ಯಾಗ ಏನ ಮಾಡ್ತೈತ್ರಿ?"

ಅವಳು ತಮಾಷೆಗೇ ಕೇಳಿದ್ದು. ಆದರೆ ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏನು ಮಾಡುತ್ತದೆ? ನಮ್ಮ ಮಾತು ಕೇಳುತ್ತದೆ ಎನ್ನಲೇ? ನಮ್ಮನ್ನು ಒಂದು ಕಡೆ ಕೂರಿಸಿದೆ ಎನ್ನಲೇ? ಅದೆಲ್ಲ ನಾವು ಮಾಡುತ್ತಿದ್ದದ್ದು. ಹಾವು ಏನು ಮಾಡುತ್ತಿತ್ತು?

ಚಳಿ ಹೆಚ್ಚಾದಾಗ ಅದು ಮತ್ತೆ ತಿನ್ನುವುದನ್ನು ನಿಲ್ಲಿಸಿತು. ಚಳಿಗೆ ಹಾಗೇ ಇರುತ್ತದೆ ಎಂದುಕೊಂಡೆವು. ಮೊದಲು ಗಮನಿಸಿದವಳು ಅವ್ವ.

"ಇದರ ಮೂಗು ನೋಡು ಬಾ," ಎಂದು ಕರೆದಳು.

ಮೂತಿಯ ತುದಿಯ ಹುರುಪೆ ಉದುರಿ, ಮಾಂಸ ಕೆಂಪಗೆ ಕಾಣುತ್ತಿತ್ತು. ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಜಾಳಿಗೆಯ ತಂತಿಗಳ ಮೇಲೆ, ಅಪ್ಪ ಕೂರುವ ಕಡೆಯಲ್ಲಿ, ಒಣಗಿದ ರಕ್ತ ಸಾಲಾಗಿ ಅಂಟಿತ್ತು.

ಮನುಷ್ಯರ ಗಾಯವಾದರೆ ನನಗೆ ಗೊತ್ತಿತ್ತು. ಇದು ನನ್ನ ಕೈ ಮೀರಿತ್ತು. ಹುಕ್ಕೇರಿಯಲ್ಲಿ ಒಬ್ಬ ದನಗಳ ಡಾಕ್ಟರು ಹಾವುಗಳಿಗೂ ಔಷಧ ಮಾಡುತ್ತಾರೆ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದರು. ಅಪ್ಪನೂ ನಾನೂ ಹೊರಟೆವು. ಹಾವನ್ನು ದಿಂಬಿನ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮುಚ್ಚಳದ ಬುಟ್ಟಿಯಲ್ಲಿಟ್ಟು, ಅಪ್ಪ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಕಂಡಕ್ಟರ್ ಬುಟ್ಟಿಯನ್ನು ಪೆನ್ನಿನಿಂದ ತಟ್ಟಿದ.

"ಏನೈತ್ರಿ ಅಜ್ಜಾರ, ಕೋಳಿ? ಕೋಳಿಗೆ ಟಿಕೇಟ ಐತಿ ನೋಡ್ರಿ."

ಹಣೆಯ ತುಂಬ ವಿಭೂತಿ ಹಚ್ಚಿಕೊಂಡಿದ್ದ ಅಪ್ಪ, ಏನು ಕೇಳಿದನೆಂದು ತಿಳಿಯದೆ, ಬಹಳ ಸೌಜನ್ಯದಿಂದ ತಲೆಯಾಡಿಸಿ ನಕ್ಕ. ಕಂಡಕ್ಟರ್ ಗಲಿಬಿಲಿಗೊಂಡ. ಕೋಳಿ ಅಲ್ಲ, ಜಡ್ಡಾದ ಒಂದು ಜೀವ, ಡಾಕ್ಟರ ಕಡೆ ಒಯ್ಯುತ್ತಿದ್ದೇವೆ ಎಂದೆ. ಬುಟ್ಟಿಯೊಳಗೆ ಏನೋ ನಿಧಾನವಾಗಿ ಹೊರಳಿತು. ಆತ ಮುಂದೆ ಕೇಳದೆ ಹೋದ.

ಡಾಕ್ಟರು ನನಗಿಂತ ಸ್ವಲ್ಪ ಹಿರಿಯರು, ಮೃದು ದನಿಯವರು. ಹಾವಿನ ಕುತ್ತಿಗೆ ಹಿಡಿದು, ಸಣ್ಣ ಕಡ್ಡಿಯಿಂದ ಬಾಯಿ ತೆರೆದು, ಬೆಳಕು ಬಿಟ್ಟು ನೋಡಿದರು. ಒಸಡು ಕೀವು ತುಂಬಿತ್ತು.

"ಎಷ್ಟ ದಿನದಿಂದ ಜಾಳಿಗಿಗೆ ಮೂತಿ ತಿಕ್ಕಾಕತ್ತೈತಿ?" ಎಂದು ನನ್ನನ್ನು ಕೇಳಿದರು.

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನನ್ನ ತುಟಿಗಳನ್ನೇ ಕಾಯುತ್ತಿದ್ದ.

"ದಿನಾ ಮುಂಜಾನೆ ಬರ್ತೈತ್ರಿ," ಎಂದೆ. "ಅಪ್ಪ ಎದುರಿಗೆ ಕುಂತಾಗ. ಗುರ್ತು ಹಿಡೀತೈತಿ ಅಂತ..."

ಡಾಕ್ಟರು ತಲೆಯಾಡಿಸಿದರು. "ಅದು ಗುರ್ತು ಹಿಡಿಯೂದಲ್ರಿ. ಹೊರಗ ಹೋಗಾಕ ಹಾದಿ ಹುಡಕೂದು. ಬಿಸಲಾಗ ಓಡ್ಯಾಡೂ ಹಾವು ಇದು, ಹೊಲಾ ಪೂರ್ತಿ ತಿರಗತೈತಿ. ಬೆಳಕು ಕಂಡ ಕಡೆ ಸಂದು ಐತೇನಂತ ಮೂತಿ ತೂರಿಸಿ ನೋಡಾಕತ್ತೈತಿ. ಅದಕ್ಕ ಜಾಳಿಗಿ ಅಂದ್ರೇನಂತ ತಿಳಿಯೂದಿಲ್ಲ."

ಅಪ್ಪ ನನ್ನ ತೋಳು ಮುಟ್ಟಿದ. ಏನಂದರು ಎಂದು ಕೈಸನ್ನೆ ಮಾಡಿದ. ನಾನು ಅವನ ಕಡೆ ತಿರುಗಿದೆ. ತುಟಿ ಬಿಡಿಸಿ ಹೇಳಬೇಕಿತ್ತು, ಒಂದೊಂದೇ ಮಾತು, ನಿಧಾನವಾಗಿ. ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ.

ಅಪ್ಪ ನನ್ನ ಮುಖ ನೋಡಿದ, ಡಾಕ್ಟರ ಮುಖ ನೋಡಿದ.

"ಇರಲಿ ಯವ್ವಾ," ಎಂದ. "ಅವರ ತುಟಿ ಕಾಣಿಸ್ತು."

ಅವನ ದನಿ ಎಂದಿನಂತೆ ಜೋರಾಗಿರಲಿಲ್ಲ. ಮೇಜಿನ ಮೇಲೆ ಸುರುಳಿಯಾಗಿದ್ದ ಹಾವಿನ ಹತ್ತಿರ ಬಾಗಿ ಏನೋ ಹೇಳಿದ. ಈ ಸಲ ನನಗೂ ಕೇಳಲಿಲ್ಲ.

ಮನೆಯಲ್ಲಿ ಕೇರೆ ಇಟ್ಟುಕೊಳ್ಳುವುದನ್ನು ಕಾನೂನೂ ಒಪ್ಪುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಅರಣ್ಯ ಇಲಾಖೆಯವರಿಗೆ ಅಲ್ಲಿಂದಲೇ ಫೋನು ಮಾಡಿದರು. ಬಂದ ಗಾರ್ಡ್, ಗಾಯವಾದದ್ದನ್ನು ಉಳಿಸಿದ್ದು ಒಳ್ಳೆಯದಾಯಿತು, ಆದರೆ ಆಗಲೇ ನಮಗೆ ಹೇಳಬೇಕಿತ್ತು ಎಂದಷ್ಟೇ ಅಂದ. ಬಾಯಿ ವಾಸಿಯಾಗುವವರೆಗೆ ಹಾವು ಹುಕ್ಕೇರಿಯಲ್ಲೇ ಉಳಿಯಿತು. ನಾವು ಖಾಲಿ ಬುಟ್ಟಿ ಹಿಡಿದು ಮರಳಿದೆವು. ಅಪ್ಪ ಆ ದಿನವೇ ಪೆಟ್ಟಿಗೆಯ ಜಾಳಿಗೆ ಕಿತ್ತು ಹಾಕಿದ. ಬೆಳಿಗ್ಗೆ ಚಹಾ ಕುಡಿಯಲು ಎಲ್ಲಿ ಕೂರಬೇಕೆಂದು ತಿಳಿಯದೆ ಮನೆಯಲ್ಲಿ ಸುತ್ತಾಡಿದ. ಕೊನೆಗೆ ಅಡುಗೆಮನೆಗೆ ಬಂದು ಒಲೆಯ ಹತ್ತಿರ, ನಮ್ಮಿಬ್ಬರ ನಡುವೆ ಕೂತ.

ಬಿಸಿಲು ಏರತೊಡಗಿದ ಕಾಲಕ್ಕೆ ಡಾಕ್ಟರ ಫೋನು ಬಂತು. ಗಾರ್ಡ್ ಹಾವನ್ನು ದಡ್ಡಿಯ ಕಡೆ, ಹೊಳೆಯ ದಂಡೆಗೆ ಬಿಡುತ್ತಾನೆ, ಬೇಕಾದರೆ ಬನ್ನಿ ಎಂದರು. ಅವ್ವ ಸೀರೆ ಬದಲಾಯಿಸಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ನಿಂತಿದ್ದಳು.

ದಡ್ಡಿಯಲ್ಲಿ ಘಟಪ್ರಭೆ ನಮ್ಮ ಫಾಲ್ಸಿನವಳಂತೆ ಕಾಣುವುದಿಲ್ಲ. ಸದ್ದಿಲ್ಲ. ಅಗಲವಾಗಿ, ಮಲಗಿದಂತೆ, ತನ್ನ ಮುಂದೆ ಅಷ್ಟು ಎತ್ತರದಿಂದ ಬೀಳುವುದಿದೆ ಎಂದು ತಿಳಿಯದವಳಂತೆ ಹರಿಯುತ್ತಾಳೆ. ದಂಡೆಯ ಹುಲ್ಲು ಎದೆಯೆತ್ತರ ಇತ್ತು. ಸಂಜೆಯ ಬಿಸಿಲು ಅದರ ತುದಿಗಳಲ್ಲಿ ಕೂತಿತ್ತು. ಗಾರ್ಡ್ ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಹಿಡಿದ.

ಹಾವು ತಲೆ ಹೊರಗೆ ಹಾಕಿ ನಿಂತಿತು. ನಾಲಿಗೆ ಆಡಿಸಿತು, ಮತ್ತೆ ಆಡಿಸಿತು. ಮೂತಿಯ ಮೇಲೆ ಹೊಸ ಚರ್ಮ ಬಂದಿತ್ತು. ತೂರಿಸಲು ಎದುರಿಗೆ ಏನೂ ಇರಲಿಲ್ಲ. ಆಮೇಲೆ ಅದು ಹರಿದ ರೀತಿಯನ್ನು ನಾನು ನಡುಮನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ನಮ್ಮಲ್ಲಿ ಅದು ತೆವಳುತ್ತಿತ್ತು ಎನ್ನಬೇಕು. ಇಲ್ಲಿ ಮೈಯಷ್ಟೂ ಒಂದೇ ಉಸಿರಾಗಿ ಹುಲ್ಲಿನೊಳಗೆ ಹೋಯಿತು. ಹುಲ್ಲು ಒಂದು ಗೆರೆಯಾಗಿ ಅಲುಗಾಡಿ, ದೂರದಲ್ಲಿ ಇನ್ನೊಮ್ಮೆ ಅಲುಗಾಡಿ, ನಿಂತಿತು.

ಅಪ್ಪ ಬಹಳ ಹೊತ್ತು ಆ ಕಡೆಯೇ ನೋಡುತ್ತ ನಿಂತ.

"ಹೊಳ್ಳಿ ನೋಡ್ಲಿಲ್ಲ," ಎಂದ.

ಅವ್ವ ಅವನ ಎದುರಿಗೆ ಬಂದು ನಿಂತಳು, ಅವನಿಗೆ ತುಟಿ ಕಾಣುವಂತೆ. "ಹೊಳ್ಳಿ ನೋಡಾಕ ಅದೇನ ತವರು ಬಿಟ್ಟು ಹೊಂಟ ಮಗಳೇನ್ರಿ? ಅದು ತನ್ನ ಮನಿಗೆ ಹೊಂಟೈತಿ. ಬರ್ರಿ, ಹೊತ್ತಾತು."

ಅಪ್ಪ ನನ್ನ ಕಡೆ ನೋಡಿದ. ನನಗೆ ನಗು ಬಂತು, ಜೊತೆಗೇ ಅಳುವೂ ಬಂತು. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, ನಾನು ಮರಳಿ ಬಂದದ್ದರ ಬಗ್ಗೆ ಹಾವಿಗೆ ಹೇಳಿದ್ದ ಆ ಮಾತನ್ನು ಅಂದು ನನಗೇ ಹೇಳಿದ. ಅದೇ ಜೋರು ದನಿಯಲ್ಲಿ, ಗಾರ್ಡ್ ಮತ್ತು ಹೊಳೆ ಇಬ್ಬರಿಗೂ ಕೇಳುವಂತೆ. ನಾನು ತಲೆಯಾಡಿಸಿದೆ.

ಹಾವು ಸಾಕುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಈಗ ಆಸ್ಪತ್ರೆಯ ಹುಡುಗಿಯರು, ಮೊಬೈಲಿನಲ್ಲಿ ಯಾರೋ ಕೊರಳಿಗೆ ಹೆಬ್ಬಾವು ಹಾಕಿಕೊಂಡದ್ದನ್ನು ನೋಡುತ್ತ, ನನ್ನನ್ನು ಕೇಳುತ್ತಾರೆ. ನಮಗೆ ಒಳ್ಳೆಯದೇ ಆಯಿತು, ಅದಕ್ಕೆ ಆಗಲಿಲ್ಲ ಎನ್ನುತ್ತೇನೆ. ಅಷ್ಟಕ್ಕೇ ಅವರಿಗೆ ಸಮಾಧಾನವಾಗುವುದಿಲ್ಲ.

ಅಪ್ಪ ಮತ್ತೆ ಹಾವು ತರಲಿಲ್ಲ. ಆದರೆ ಓಣಿಯಲ್ಲಿ ಎಲ್ಲಿ ಹಾವು ಕಂಡರೂ ಜನ ಅವನನ್ನೇ ಕರೆಯುತ್ತಾರೆ. ಅವನು ಹಿಡಿಯುವುದಿಲ್ಲ. ನನ್ನಿಂದ ಗಾರ್ಡಿಗೆ ಫೋನು ಮಾಡಿಸುತ್ತಾನೆ. ಅವರು ಬರುವವರೆಗೆ ಯಾರೂ ಕೋಲೆತ್ತದಂತೆ ಕಾಯುತ್ತಾನೆ. ಕಳೆದ ಮಳೆಗಾಲದಲ್ಲಿ ನೀರಿನ ಟಾಕಿಯ ಪಕ್ಕಕ್ಕೆ ಒಂದು ನಾಗರ ಬಂದಿತ್ತು. ನಾನು ಕೆಲಸ ಮುಗಿಸಿ ಬಂದಾಗ ಅಪ್ಪ ಸಾಕಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು, ಕೊಡೆ ಹಿಡಿದು ಕೂತಿದ್ದ. ಜಿಟಿಜಿಟಿ ಮಳೆ, ಫಾಲ್ಸಿನ ಕಡೆಯಿಂದ ಬರುವ ಹನಿ, ಎರಡೂ ಕೂಡಿ ಓಣಿಯೆಲ್ಲ ಬೆಳ್ಳಗಾಗಿತ್ತು. ಅವ್ವ ಬಟ್ಟಲ ಮೇಲೆ ತಟ್ಟೆ ಮುಚ್ಚಿ ಚಹಾ ಕಳಿಸಿದ್ದಳು.

"ಅವರು ಬರಾಕತ್ತಾರ," ಎಂದು ಅಪ್ಪ ಟಾಕಿಯ ಕಡೆ ಕೂಗಿ ಹೇಳುತ್ತಿದ್ದ. "ಹೆದರಬ್ಯಾಡ. ಇನ್ನೊಂದ ಸ್ವಲ್ಪ ಕುಂದ್ರು."